ಹಗ್ಗ ಸ್ವಲ್ಪ ಬಿಡಿ, ದೋಣಿ ಓಡಲಿ

ಪ್ರಶ್ನೆ: ಶನಿವಾರ, ಭಾನುವಾರ ಕೆಆರ್‌ಎಸ್ ಹಿನ್ನೀರಿಗೆ ಹೋಗಿ ಎಂಟರ್‌ಪ್ರೈಸ್ ಹಾಯಿದೋಣಿ ನಡೆಸಲು ಕಲಿಯುತ್ತಿದ್ದೇನೆ. ಅದೇ ದೋಣಿ, ಅದೇ ಗಾಳಿ. ಆದರೂ ಜೊತೆಯವರೆಲ್ಲ ಮುಂದೆ ಹೋಗಿಬಿಡುತ್ತಾರೆ. ಹಾಯಿಯ ಹಗ್ಗ ಬಿಗಿಯಾಗಿ ಎಳೆದಷ್ಟೂ ದೋಣಿ ವಾಲುತ್ತದೆ, ಚುಕ್ಕಾಣಿ ಭಾರವಾಗುತ್ತದೆ. ವೇಗ ಮಾತ್ರ ಬರುವುದಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಬಿಗಿಯಾಗಿ ಎಳೆಯುತ್ತೇನೆ ಅಂದಿರಲ್ಲ, ಮೊದಲು ಅದನ್ನು ಬಿಡಬೇಕು. ಹೊಸಬರ ದೋಣಿ ನಿಧಾನವಾಗುವುದು ಬಹುಪಾಲು ಇದರಿಂದಲೇ.

ಗಾಳಿ ಹಾಯಿಯ ಎರಡೂ ಬದಿಗೆ ಅಂಟಿಕೊಂಡು ಹರಿಯಬೇಕು. ಹಗ್ಗ ಜಾಸ್ತಿ ಎಳೆದರೆ ಆಚೆ ಬದಿಯ, ಅಂದರೆ ಗಾಳಿ ಬಡಿಯದ ಬದಿಯ, ಗಾಳಿ ಹಾಯಿಯಿಂದ ಕಳಚಿ ಸುಳಿಸುಳಿಯಾಗುತ್ತದೆ. ಆಮೇಲೆ ಹಾಯಿ ದೋಣಿಯನ್ನು ಮುಂದಕ್ಕೆ ಎಳೆಯುವುದು ಕಡಿಮೆ, ಪಕ್ಕಕ್ಕೆ ತಳ್ಳುವುದು ಜಾಸ್ತಿ. ಹಾಯಿ ಸಡಿಲವಾಗಿದ್ದರೆ ಪಟಪಟ ಬಡಿದುಕೊಂಡು ತಾನೇ ಹೇಳುತ್ತದೆ. ಬಿಗಿಯಾಗಿದ್ದರೆ ಏನೂ ಹೇಳುವುದಿಲ್ಲ, ಚೆನ್ನಾಗಿ ಉಬ್ಬಿಕೊಂಡು ನಿಂತಿರುತ್ತದೆ. ಕಣ್ಣು ಮೋಸ ಹೋಗುವುದು ಅಲ್ಲೇ.

ಹಾಗಾಗಿ ಹೀಗೆ ಮಾಡಿ. ಗಾಳಿ ಪಕ್ಕದಿಂದ ಬರುವಂತೆ ದೋಣಿ ತಿರುಗಿಸಿ, ಎದುರು ದಡದ ಒಂದು ಮರ ಗುರುತಿಟ್ಟುಕೊಳ್ಳಿ. ಅದರ ಕಡೆಗೇ ನೇರ ಹೋಗುತ್ತಾ ಹಗ್ಗ ಬಿಡುತ್ತಾ ಬನ್ನಿ. ಹಾಯಿಯ ಮುಂದಂಚು ನಡುಗಲು ಶುರುವಾಗುತ್ತದೆ. ನಡುಕ ನಿಲ್ಲುವವರೆಗೆ ಮಾತ್ರ ಎಳೆಯಿರಿ, ಅದಕ್ಕಿಂತ ಒಂದು ಇಂಚೂ ಬೇಡ. ಸ್ವಲ್ಪ ಹೊತ್ತಿಗೆ ಮತ್ತೆ ಬಿಟ್ಟು ನೋಡಿ, ಯಾಕೆಂದರೆ ಗಾಳಿ ಒಂದೇ ಕಡೆಯಿಂದ ಬರುತ್ತಿರುವುದಿಲ್ಲ. ನನ್ನ ಹತ್ತಿರ ಕಲಿಯುವ ಮಕ್ಕಳಿಗೆ ಮೇನ್‌ಸೇಲ್ (ದೊಡ್ಡ ಹಾಯಿ) ಹಗ್ಗವನ್ನು ಕ್ಲೀಟ್‌ಗೆ, ಅಂದರೆ ಹಗ್ಗ ಕಚ್ಚಿ ಹಿಡಿಯುವ ಕೊಂಡಿಗೆ, ಸಿಕ್ಕಿಸಲು ನಾನು ಬಿಡುವುದೇ ಇಲ್ಲ. ಅದು ಸದಾ ಕೈಯಲ್ಲಿರಬೇಕು.

ಜಿಬ್‌ಗೆ, ಅಂದರೆ ಮುಂದಿನ ಚಿಕ್ಕ ಹಾಯಿಗೆ, ಉಲ್ಲನ್ ದಾರ ಅಂಟಿಸಿದ್ದೀರಾ? ಇಲ್ಲದಿದ್ದರೆ ಈ ವಾರವೇ ಅಂಟಿಸಿ. ಚಿಕ್ಕಪೇಟೆಯಲ್ಲಿ ಸ್ವೆಟರ್ ಹೆಣೆಯುವ ಉಲ್ಲನ್ ಒಂದು ಉಂಡೆ ತಂದರೆ ವರ್ಷಗಟ್ಟಲೆ ಬರುತ್ತದೆ. ಗೇಣುದ್ದದ ತುಂಡುಗಳನ್ನು ಮುಂದಂಚಿನಿಂದ ಗೇಣು ಹಿಂದೆ, ಎರಡೂ ಬದಿಗೆ ಟೇಪ್ ಹಾಕಿ ಅಂಟಿಸಿ. ಒಂದು ಬದಿಗೆ ಕೆಂಪು, ಇನ್ನೊಂದಕ್ಕೆ ಹಸಿರು. ಹಾಯಿಯ ಹೊಲಿಗೆ ಹತ್ತಿರ ಬೇಡ, ದಾರ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಗಾಳಿ ಬರುವ ಬದಿಯ ದಾರ ಕುಣಿದರೆ ಹಾಯಿ ಸಡಿಲ, ಎಳೆಯಿರಿ. ಆಚೆ ಬದಿಯದು ಕುಣಿದರೆ ಬಿಗಿ, ಬಿಡಿ. ಎರಡೂ ನೆಟ್ಟಗೆ ಹಿಂದಕ್ಕೆ ಹರಿದರೆ ಸರಿಯಾಗಿದೆ ಅಂತ. ಗಾಳಿಗೆ ಎದುರಾಗಿ ಏರುವಾಗ ಹಗ್ಗ ಮುಟ್ಟದೆ, ದಾರ ನೋಡಿಕೊಂಡು ಚುಕ್ಕಾಣಿಯನ್ನೇ ಹೊಂದಿಸಿಕೊಳ್ಳಬೇಕು.

ಎಂಟರ್‌ಪ್ರೈಸ್‌ನಲ್ಲಿ ಎರಡು ಹಾಯಿ, ಜಿಬ್ ಹಗ್ಗ ಜೊತೆಗಾರರ ಕೈಯಲ್ಲಿರುತ್ತದೆ ಅಲ್ವಾ? ಅವರು ಜಾಸ್ತಿ ಎಳೆದಿದ್ದರೆ ಜಿಬ್‌ನಿಂದ ಹೊರಬಿದ್ದ ಗಾಳಿ ಮೇನ್‌ಸೇಲ್‌ಗೆ ಬಡಿದು ಅದರ ಮುಂದಂಚು ನಡುಗುತ್ತದೆ. ಮೇನ್‌ಸೇಲ್ ಸಡಿಲವಾಯಿತು ಅಂದುಕೊಂಡು ನೀವೂ ಎಳೆಯುತ್ತೀರಿ. ಈಗ ಎರಡೂ ಬಿಗಿ, ದೋಣಿ ನಿಂತ ಹಾಗೆಯೇ. ಅದಕ್ಕೇ ಮೊದಲು ಜಿಬ್ ಸರಿ ಮಾಡಿ, ಆಮೇಲೆ ಮೇನ್‌ಸೇಲ್. ಮೇನ್‌ಸೇಲ್‌ನ ಮೇಲ್ಗಡೆ ಬ್ಯಾಟನ್ (ಹಾಯಿಯೊಳಗೆ ಸೇರಿಸಿದ ಪಟ್ಟಿ) ಹೆಚ್ಚುಕಡಿಮೆ ಬೂಮ್‌ಗೆ, ಅಂದರೆ ಹಾಯಿಯ ಕೆಳಗಿನ ಅಡ್ಡಗೋಲಿಗೆ, ಸಮಾನಾಂತರವಾಗಿ ನಿಲ್ಲಬೇಕು.

ಚುಕ್ಕಾಣಿ ಭಾರವಾಗುವುದು ದೋಣಿ ವಾಲುವುದರಿಂದ. ವಾಲಿದ ದೋಣಿ ತನ್ನಷ್ಟಕ್ಕೆ ಗಾಳಿಯ ಕಡೆ ಮೂತಿ ತಿರುಗಿಸುತ್ತದೆ. ನೀವು ಟಿಲ್ಲರ್ (ಚುಕ್ಕಾಣಿಯ ಹಿಡಿ) ಎಳೆದು ತಡೆಯುತ್ತೀರಿ, ಚುಕ್ಕಾಣಿ ನೀರಿಗೆ ಅಡ್ಡ ನಿಲ್ಲುತ್ತದೆ. ಬ್ರೇಕ್ ಒತ್ತಿಕೊಂಡು ಸ್ಕೂಟರ್ ಓಡಿಸಿದ ಹಾಗೆ. ಮುಂಗಾರಿನ ಪಡುವಣ ಗಾಳಿ ರಪ್ಪನೆ ಬಡಿದಾಗ ಮೇನ್‌ಸೇಲ್ ಹಗ್ಗ ಬಿಡಿ, ಮೈ ಹೊರಗೆ ಚಾಚಿ ದೋಣಿ ಮಟ್ಟ ಮಾಡಿ, ಆಮೇಲೆ ಎಳೆಯಿರಿ. ಗಾಳಿ ತೀರಾ ಕಡಿಮೆ ಇದ್ದರೆ ಮಾತ್ರ ಹಾಯಿಯ ಕಡೆಗೇ ಒಂಚೂರು ವಾಲಿಸಿ. ಹಾಯಿ ತನ್ನ ಭಾರಕ್ಕೇ ಆಕಾರಕ್ಕೆ ಬರುತ್ತದೆ.

ಗಾಳಿ ಬೆನ್ನಿಗಿದ್ದಾಗ ಮೇನ್‌ಸೇಲ್ ಪೂರ್ತಿ ಹೊರಗೆ ಬಿಡಿ, ಸೆಂಟರ್‌ಬೋರ್ಡ್ (ದೋಣಿಯ ನಡುವೆ ನೀರಿಗಿಳಿಯುವ ಹಲಗೆ) ಅರ್ಧಕ್ಕಿಂತ ಜಾಸ್ತಿ ಎತ್ತಿ.

ಪ್ರಶ್ನೆ: ವಾರದ ದಿನಗಳಲ್ಲಿ ಬೆಂಗಳೂರಿನಲ್ಲೇ ಏನಾದರೂ ಕಲಿಯಬಹುದೇ?
– ಓದುಗರು, ಇಂದಿರಾನಗರ

ಉತ್ತರ: ಖಂಡಿತ. ಹಲಸೂರು ಕೆರೆ ನಿಮಗೆ ಹತ್ತಿರ. ಸುಮ್ನೆ ದಡದಲ್ಲಿ ನಿಂತು ನೀರು ನೋಡಿ. ಗಾಳಿ ಜೋರಾಗಿ ಬಿದ್ದ ಕಡೆ ನೀರು ಕಪ್ಪಾಗಿ ಕಾಣುತ್ತದೆ, ಆ ಮಚ್ಚೆ ಸರಿಯುತ್ತಾ ಬರುತ್ತದೆ. ಕೆರೆಯ ನಡುಗಡ್ಡೆಗಳ ಮರೆಯಲ್ಲಿ, ಸುತ್ತಲಿನ ಎತ್ತರದ ಕಟ್ಟಡಗಳ ಹಿಂದೆ ಗಾಳಿ ಹೇಗೆ ತಿರುಗುತ್ತದೆ ಅಂತ ಗಮನಿಸಿ. ಸೇನೆಯ ಎಂಇಜಿಯವರ (ಮದ್ರಾಸ್ ಎಂಜಿನಿಯರ್ ಗ್ರೂಪ್) ಹಾಯಿದೋಣಿ ನೀರಿಗಿಳಿದಿದ್ದರೆ ಇನ್ನೂ ಒಳ್ಳೆಯದು. ಕಪ್ಪು ಮಚ್ಚೆ ದೋಣಿ ಮುಟ್ಟುವ ಮೊದಲೇ ಹಗ್ಗ ಹಿಡಿದ ಕೈ ಸಿದ್ಧವಾಗುತ್ತದೋ, ಮುಟ್ಟಿದ ಮೇಲೋ, ಅದನ್ನು ನೋಡಿ.