ಎ-ಲೆವೆಲ್‌ಗೆ ರಿಲಿಜಿಯಸ್ ಸ್ಟಡೀಸಾ? ತಗೊಳ್ಳಲಿ ಬಿಡಿ

ನಮಸ್ಕಾರ. ಮೈಸೂರಿನಿಂದ ಇಂಗ್ಲೆಂಡಿನ ರೆಡಿಂಗಿಗೆ ಬಂದು ಇನ್ನೂ ಎಂಟು ತಿಂಗಳು, ಮಗಳು ಇಯರ್ ಇಲೆವೆನ್ (ನಮ್ಮ ಹತ್ತನೇ ಕ್ಲಾಸು ಅನ್ನಿ), ಡಾಕ್ಟರಾಗಬೇಕು ಅಂತಿದ್ದವಳು ಈಗ ಎ-ಲೆವೆಲ್‌ಗೆ, ಅಂದರೆ ನಮ್ಮ ಪಿಯುಸಿ ಥರದ್ದಕ್ಕೆ, ಕೆಮಿಸ್ಟ್ರಿ, ಬಯಾಲಜಿ ಜೊತೆ ಮೂರನೆಯದಾಗಿ ರಿಲಿಜಿಯಸ್ ಸ್ಟಡೀಸ್ (ಮತಗಳ ಅಧ್ಯಯನ) ಬೇಕು ಅಂತ ಹಟ ಹಿಡಿದಿದ್ದಾಳೆ ಅಂದಿರಿ. ಇದೇನು ಪಾದ್ರಿ ಆಗೋರು ಓದೋದಾ, ಮೆಡಿಕಲ್ ಸೀಟಿಗೆ ಅಡ್ಡ ಬರುತ್ತಾ ಅಂತ ನಿಮ್ಮ ಪ್ರಶ್ನೆ. ನಾನು ಶಿವಮೊಗ್ಗದವಳು, ಈ ದೇಶಕ್ಕೆ ಬಂದು ಹತ್ತೊಂಬತ್ತು ವರ್ಷವಾಯ್ತು. ನನ್ನ ಮಗ ಇದೇ ವಿಷಯ ತಗೊಂಡಾಗ ನಮ್ಮ ಮನೆಯಲ್ಲೂ ಒಂದು ವಾರ ಯಾರೂ ಸರಿಯಾಗಿ ಮಾತಾಡಿರಲಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. 'ಶಾಲೆಯಲ್ಲಿ ಆರ್‌ಇ ಕಡ್ಡಾಯವಂತೆ' ಅಂತ ಕೇಳಿದ್ದೀರಲ್ಲ, ಆ ರಿಲಿಜಿಯಸ್ ಎಜುಕೇಶನ್ ಬೇರೆ. 1944ರ ಶಿಕ್ಷಣ ಕಾಯ್ದೆಯ ಕಾಲದಿಂದ ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಅದು ನಡೆದುಬಂದಿದೆ. ಸಿಕ್ಸ್ತ್ ಫಾರ್ಮ್ (ಎ-ಲೆವೆಲ್ ಓದೋ ಎರಡು ವರ್ಷ) ಮಕ್ಕಳಿಗೂ ಉಂಟು, ಬೇಡ ಅಂದರೆ ತಂದೆತಾಯಿ ಬರೆದುಕೊಟ್ಟು ಬಿಡಿಸಬಹುದು. ನಿಮ್ಮ ಮಗಳು ಕೇಳ್ತಿರೋದು ಪರೀಕ್ಷೆ ಬರೆದು ಗ್ರೇಡ್ ತಗೊಳ್ಳೋ ಎ-ಲೆವೆಲ್. ದೇವರಿದ್ದಾನೆ ಅಂತ ಒಪ್ಪಿಸೋದು ಅದರ ಕೆಲಸವಲ್ಲ. ಮಗನ ಕ್ಲಾಸಿನಲ್ಲಿ ದೇವರನ್ನು ನಂಬದ ಹುಡುಗರು ಸುಮಾರು ಜನ ಇದ್ದರು. ಮತಾಂತರದ ಭಯ ಖಂಡಿತ ಬೇಡ.

ನಮಗೆ ಈ ತಲೆಬಿಸಿ ಆಗೋದಕ್ಕೆ ಕಾರಣವಿದೆ. ಊರಲ್ಲಿ ನಾವು ಓದಿದ್ದು ಮಾರಲ್ ಸೈನ್ಸ್: ಸುಳ್ಳು ಹೇಳಬಾರದು, ಹಿರಿಯರಿಗೆ ನಮಸ್ಕಾರ ಮಾಡಬೇಕು, ಮುಗೀತು. ಪಿಯುಸಿಯಲ್ಲಿ ಆರ್ಟ್ಸ್ ತಗೊಂಡವರಿಗೆ ತರ್ಕಶಾಸ್ತ್ರ ಇತ್ತು, ಪಿಸಿಎಂಬಿ ಮಂದಿ ಅದರ ಹತ್ತಿರವೂ ಸುಳಿಯಲಿಲ್ಲ. ಸಾಲದ್ದಕ್ಕೆ ನಮ್ಮ 'ಧರ್ಮ' ಅನ್ನೋ ಮಾತು ಮತಕ್ಕೂ ಸೈ, ನ್ಯಾಯಕ್ಕೂ ಸೈ, ಭಿಕ್ಷೆಗೂ ಸೈ. ಇಲ್ಲಿ ಅವನ್ನು ಬೇರೆ ಬೇರೆ ಮಾಡಿ, ಒಂದನ್ನು ಬಿಟ್ಟು ಇನ್ನೊಂದು ನಿಲ್ಲುತ್ತಾ ಅಂತಲೇ ಕೇಳ್ತಾರೆ.

ನಮ್ಮವನದು ಓಸಿಆರ್ ಅನ್ನೋ ಪರೀಕ್ಷಾ ಬೋರ್ಡು. ಮೂರು ಪೇಪರು, ಒಂದೊಂದಕ್ಕೆ ಎರಡು ಗಂಟೆ. ಒಂದರಲ್ಲಿ ಪ್ಲೇಟೋ, ಅರಿಸ್ಟಾಟಲ್‌ರಿಂದ ಹಿಡಿದು ದೇವರ ಪರವಾದ ವಾದಗಳು, ವಿರೋಧದ ವಾದಗಳು, ಲೋಕದಲ್ಲಿ ಕೇಡು ಯಾಕಿದೆ ಅನ್ನೋ ಪ್ರಶ್ನೆ. ಇನ್ನೊಂದು ಎಥಿಕ್ಸ್, ಅಂದರೆ ನೀತಿಶಾಸ್ತ್ರ: ಅಕ್ವೈನಸ್, ಕ್ಯಾಂಟ್, ಬೆಂಥಮ್ ಅನ್ನೋ ಚಿಂತಕರು, ಆಮೇಲೆ ದಯಾಮರಣ, ವ್ಯಾಪಾರದ ನೀತಿ, ಆತ್ಮಸಾಕ್ಷಿ. ಮೂರನೆಯದು ಒಂದು ಮತದ ಚಿಂತನೆ. ಅದಕ್ಕೆ ಹಿಂದೂ ಧರ್ಮದ ಪೇಪರೂ ಇದೆ, ಆದರೆ ಶಾಲೆ ಯಾವುದನ್ನು ಕಲಿಸುತ್ತೋ ಅದೇ ಗತಿ, ಸಾಮಾನ್ಯವಾಗಿ ಕ್ರಿಶ್ಚಿಯಾನಿಟಿ. ಶಾಲೆ ನೋಡೋಕೆ ಕರೆಯೋ ಓಪನ್ ಈವ್ನಿಂಗಿಗೆ ಹೋದಾಗ ಇದನ್ನು ಕೇಳಿಕೊಂಡು ಬನ್ನಿ.

ನಿಜವಾದ ಕಷ್ಟ ಬೇರೆ ಕಡೆ ಇದೆ. ಪ್ರತಿ ಪೇಪರಿಗೆ ಮೂರು ಪ್ರಬಂಧ, ಪ್ರಬಂಧಕ್ಕೆ 40 ಅಂಕ. ಅದರಲ್ಲಿ ಗೊತ್ತಿದ್ದದ್ದನ್ನು ಬರೆಯೋದಕ್ಕೆ 16, ತೂಗಿ ನೋಡಿ ತೀರ್ಮಾನಕ್ಕೆ ಬರೋದಕ್ಕೆ 24. ಬಾಯಿಪಾಠದಲ್ಲಿ ಪಳಗಿದ ನಮ್ಮ ಮಕ್ಕಳು ಎಡವೋದು ಇಲ್ಲೇ. ಮಗನ ಮೊದಲ ಪ್ರಬಂಧಕ್ಕೆ ಬಂದದ್ದು 17. ದೇವರಿದ್ದಾನೆ ಅನ್ನೋದಕ್ಕೆ ಅಕ್ವೈನಸ್ ಕೊಟ್ಟ ಐದು ವಾದಗಳ ಬಗ್ಗೆ ಓದಿದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದಿದ್ದ. ಪ್ರತಿ ಪ್ಯಾರಾದ ಪಕ್ಕ ಮೇಡಂ ಹಸಿರು ಶಾಯಿಯಲ್ಲಿ ಬರೆದಿದ್ದು ಒಂದೇ ಮಾತು: 'ಅದಕ್ಕೇನೀಗ?' ನಾಲ್ಕು ಪುಟದಲ್ಲಿ ಒಂಬತ್ತು ಸಲ. ಎಣಿಸಿದ್ದು ನಾನೇ, ಸಿಟ್ಟಿನಲ್ಲಿ.

ಆಮೇಲೆ ದಯಾಮರಣದ ಪಾಠ ಬಂತು. ಒಂದು ಭಾನುವಾರ ನಾನು ಹುರುಳಿಕಾಯಿ ಸೋಸ್ತಾ ಕೂತಿದ್ದೆ, ಅವನು ಎದುರಿಗೆ ಪಾಠದ ಕಾರ್ಡುಗಳನ್ನು ಹರಡಿಕೊಂಡಿದ್ದ. ಅರುಣಾ ಶಾನಭಾಗ್ ಗೊತ್ತಾ ಅಂತ ಕೇಳಿದೆ. ಗೊತ್ತಿರಲಿಲ್ಲ. ಹೊನ್ನಾವರದ ಹತ್ತಿರ ಹಳದೀಪುರದ ಹುಡುಗಿ, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸು, 1973ರಲ್ಲಿ ಆಸ್ಪತ್ರೆಯೊಳಗೇ ಅವಳ ಮೇಲೆ ದೌರ್ಜನ್ಯ ನಡೆದು ಪ್ರಜ್ಞೆ ತಪ್ಪಿದವಳು 2015ರಲ್ಲಿ ಸಾಯೋವರೆಗೂ ಹಾಸಿಗೆ ಬಿಟ್ಟೇಳಲಿಲ್ಲ ಅಂತ ಹೇಳಿದೆ. ಊಟ ಕೊಡೋದು ನಿಲ್ಲಿಸಿ ಅಂತ ಒಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 2011ರಲ್ಲಿ ಕೋರ್ಟು ಕೆಲವು ಷರತ್ತುಗಳ ಮೇಲೆ ನಿಷ್ಕ್ರಿಯ ದಯಾಮರಣ (ಬದುಕಿಸಿಟ್ಟಿರೋ ಚಿಕಿತ್ಸೆ ನಿಲ್ಲಿಸೋದು) ಆಗಬಹುದು ಅಂತು, ಆದರೆ ಅರುಣಾ ವಿಷಯದಲ್ಲಿ ಒಪ್ಪಲಿಲ್ಲ, ಅವಳನ್ನು ನೋಡಿಕೊಳ್ತಿದ್ದ ಆಸ್ಪತ್ರೆಯವರು ಬೇಡ ಅಂದಿದ್ದರು. ಹುಡುಗ ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, 'ಅಮ್ಮಾ, ಹಾಗಾದರೆ ಅವಳ ಪರವಾಗಿ ಮಾತಾಡೋ ಹಕ್ಕು ಯಾರದು, ಪ್ರೀತಿಯಿಂದ ನೋಡಿಕೊಂಡೋರದ್ದಾ?' ಅಂದ. ನಾನು ಏನೋ ಹೇಳಹೋಗಿ ನಿಲ್ಲಿಸಿದೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನ ಪ್ರಬಂಧಕ್ಕೆ 31 ಬಂತು. ಅರುಣಾ ಹೆಸರು ಬರೆದಿದ್ದಕ್ಕಲ್ಲ, ಆ ಪ್ರಶ್ನೆಯನ್ನು ಕೊನೇ ತನಕ ಎಳೆದುಕೊಂಡು ಹೋಗಿದ್ದಕ್ಕೆ.

ಇನ್ನು ಮೆಡಿಸಿನ್. ಕೆಮಿಸ್ಟ್ರಿ, ಬಯಾಲಜಿ ಇದ್ದರೆ ಮೂರನೆಯದು ಇದೇ ಆಗಬೇಕು ಅಂತ ಪಟ್ಟು ಹಿಡಿಯದ ಯೂನಿವರ್ಸಿಟಿಗಳು ಬೇಕಾದಷ್ಟಿವೆ. ಆದರೂ ಅವಳು ಅರ್ಜಿ ಹಾಕೋ ನಾಲ್ಕೂ ಕಡೆಯ ಪುಟ ತೆಗೆದು ನೀವೇ ಕಣ್ಣಾರೆ ಓದಿ, ವಾಟ್ಸಾಪಿನ ಅಂಕಲ್‌ಗಳ ಮಾತು ಕೇಳಬೇಡಿ. ಸಂದರ್ಶನದಲ್ಲಿ ವೈದ್ಯ ನೀತಿಯ ಪ್ರಶ್ನೆ ಬಂದೇ ಬರುತ್ತೆ, ಅಲ್ಲಿ ಅವಳು ತಡವರಿಸೋದಿಲ್ಲ. ಎಂಜಿನಿಯರಿಂಗ್ ಕಡೆ ಮನಸ್ಸಿದ್ದರೆ ಮಾತ್ರ ಬೇರೆ ಲೆಕ್ಕ, ಮ್ಯಾಥ್ಸು ಫಿಸಿಕ್ಸು ಬಿಡೋ ಹಾಗಿಲ್ಲ.

ಬೇಡ ಅನ್ನೋದಾದರೆ ನಾನು ಒಂದೇ ಕಾರಣಕ್ಕೆ ಅಂತೀನಿ: ಬರೆಯೋದಂದ್ರೆ ಅವಳಿಗೆ ಬೇಜಾರಾದರೆ. ಇಂಗ್ಲಿಷ್ ಮಾತಾಡೋದು ಬೇರೆ, ನಲವತ್ತು ನಿಮಿಷದಲ್ಲಿ ಒಂದು ವಾದ ಕಟ್ಟೋದು ಬೇರೆ. ಬಂದು ಎಂಟೇ ತಿಂಗಳು ನೋಡಿ. ಬಹಳ ಶಾಲೆಗಳಲ್ಲಿ ಸೆಪ್ಟೆಂಬರ್‌ನ ಮೊದಲ ಕೆಲವು ವಾರ ವಿಷಯ ಬದಲಿಸೋಕೆ ಬಿಡ್ತಾರೆ, ಅಲ್ಲಿವರೆಗೆ ಕೂತು ನೋಡಲಿ.

ಮನೆಯಲ್ಲಿ ನೀವು ಶನಿವಾರ ಒಪ್ಪೊತ್ತು ಮಾಡೋರಾದರೆ ಯಾಕೆ ಅಂತ ಕೇಳ್ತಾಳೆ, ತಯಾರಾಗಿರಿ. 'ನಮ್ಮಲ್ಲಿ ಹಾಗೇ' ಅಂದರೆ ಒಪ್ಪಲ್ಲ.

ಮಗನ ನೋಟ್ಸೆಲ್ಲ ಲಾಫ್ಟಿನಲ್ಲಿ ಒಂದು ಡಬ್ಬದಲ್ಲಿದೆ. ನಿಮ್ಮ ಶಾಲೆಯದೂ ಓಸಿಆರ್ ಆದರೆ ಹೇಳಿ, ಇಳಿಸಿ ಇಡ್ತೀನಿ.