ಪ್ರತಿಕ್ರಿಯೆ: ಇಬ್ಬರು ಒಂದೇ ಫಾರ್ಮ್ ತಿದ್ದಿದರೆ ಮೊದಲನೆಯವರ ಬದಲಾವಣೆ ಅಳಿಸಿಹೋಗುತ್ತಿದೆ

ನೀವು ಕೇಳಿದ್ದು, ಮಧ್ಯೆ ಬೇರೆಯವರು ತಿದ್ದಿದ್ದಾರಾ ಅಂತ ತಿಳಿಯಲು ದಾಖಲೆ ಕೊನೆಯದಾಗಿ ಬದಲಾದ ಸಮಯವನ್ನು ಹೋಲಿಸಿದರೆ ಸಾಕಾ ಅಂತ ಅಲ್ವಾ? ನನ್ನ ಸಲಹೆ, ಸಮಯ ಬೇಡ. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಡೇಟ್‌ಟೈಮ್ (ದಿನಾಂಕ-ಸಮಯದ) ಕಾಲಂ, ಇನ್ನೂ ಸೂಕ್ಷ್ಮವಾಗಿ ಬೇಕು ಅಂತ ನೀವು ಹೇಳದಿದ್ದರೆ, ಸೆಕೆಂಡಿನವರೆಗೆ ಮಾತ್ರ ಇಡುತ್ತದೆ. ಒಂದೇ ಸೆಕೆಂಡಿನಲ್ಲಿ ಎರಡು ಸೇವ್ ಬಂದರೆ ಗೊತ್ತೇ ಆಗಲ್ಲ.

ಟೇಬಲ್ಲಿಗೆ ವರ್ಷನ್ ಅಂತ ಒಂದು ಪೂರ್ಣಾಂಕದ ಕಾಲಂ ಸೇರಿಸಿ. ಫಾರ್ಮ್ ತೆರೆದಾಗ ಇದ್ದ ಸಂಖ್ಯೆಯನ್ನು, ಉದಾಹರಣೆಗೆ 7 ಅನ್ನು, ಹಿಡನ್ ಫೀಲ್ಡಿನಲ್ಲಿ, ಅಂದರೆ ಬಳಕೆದಾರರಿಗೆ ಕಾಣದ ಫೀಲ್ಡಿನಲ್ಲಿ, ಇಡಿ. ಸೇವ್ ಮಾಡುವಾಗ ಅಪ್‌ಡೇಟ್ ವಾಕ್ಯದ ವೇರ್ ಭಾಗದಲ್ಲಿ (ಯಾವ ಸಾಲು ಅಂತ ಹೇಳುವ ಭಾಗ) ಐಡಿ ಜೊತೆ ‘ವರ್ಷನ್ = 7’ ಕೂಡ ಇರಲಿ, ಅದೇ ವಾಕ್ಯದಲ್ಲೇ ವರ್ಷನ್ 8 ಆಗಲಿ. ಎಷ್ಟು ಸಾಲು ಬದಲಾಯಿತು ಅಂತ ನೋಡಿ. 1 ಬಂದರೆ ಸರಿ. 0 ಬಂದರೆ ಮಧ್ಯೆ ಯಾರೋ ತಿದ್ದಿದ್ದಾರೆ, ಇಲ್ಲವೇ ದಾಖಲೆಯನ್ನೇ ಅಳಿಸಿದ್ದಾರೆ. ಮೊದಲು ಸೆಲೆಕ್ಟ್ ಮಾಡಿ (ಅಂದರೆ ಓದಿ) ಹೋಲಿಸಿ, ಆಮೇಲೆ ಅಪ್‌ಡೇಟ್ ಮಾಡಬೇಡಿ. ಆ ಎರಡರ ನಡುವೆಯೇ ಇನ್ನೊಬ್ಬರು ನುಸುಳಬಹುದು.

ರೈಲ್ಸ್, ಹೈಬರ್ನೇಟ್‌ನಂಥ ಸಿದ್ಧ ಪ್ರೋಗ್ರಾಮಿಂಗ್ ಸಾಧನಗಳಲ್ಲಿ ಈ ಸೌಲಭ್ಯ ಇದೆ. ಆದರೂ ಫಾರ್ಮಿನಿಂದ ಬಂದ ಹಳೆಯ ಸಂಖ್ಯೆಯನ್ನೇ ಹೋಲಿಸಬೇಕು. ಸೇವ್ ಹೊತ್ತಿನಲ್ಲಿ ಡೇಟಾಬೇಸಿನಿಂದ ಹೊಸದಾಗಿ ಓದಿದ ಸಂಖ್ಯೆಯನ್ನು ಹೋಲಿಸಿದರೆ ಅದು ಹೊಂದಿಕೆಯಾಗಿಯೇ ಆಗುತ್ತದೆ, ಪರೀಕ್ಷೆ ಸುಮ್ನೆ ವ್ಯರ್ಥ.

ಘರ್ಷಣೆ ಸಿಕ್ಕಾಗ 409 (ಘರ್ಷಣೆ ಆಗಿದೆ ಅಂತ ಸರ್ವರ್ ತಿಳಿಸುವ ಎಚ್‌ಟಿಟಿಪಿ ಸಂಕೇತ) ಕಳಿಸಿ. ಆದರೆ ದಯವಿಟ್ಟು ಬಳಕೆದಾರರು ಟೈಪ್ ಮಾಡಿದ್ದನ್ನು ಬಿಸಾಡಬೇಡಿ. ಅರ್ಧ ಗಂಟೆ ಕೂತು ತುಂಬಿದ ಫಾರ್ಮ್ ಖಾಲಿಯಾದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಅವರು ಬರೆದದ್ದು, ಈಗ ಡೇಟಾಬೇಸಿನಲ್ಲಿರುವುದು, ಎರಡನ್ನೂ ಅಕ್ಕಪಕ್ಕ ತೋರಿಸಿ. ಒಬ್ಬರು ಫೋನ್ ನಂಬರ್, ಇನ್ನೊಬ್ಬರು ವಿಳಾಸ ಮಾತ್ರ ಬದಲಿಸಿದ್ದರೆ ಹೆಚ್ಚಾಗಿ ಎರಡನ್ನೂ ಉಳಿಸಿಕೊಳ್ಳಬಹುದು. ಇಬ್ಬರೂ ವಿಳಾಸವನ್ನೇ ತಿದ್ದಿದ್ದರೆ ಮಾತ್ರ ಯಾವುದು ಸರಿ ಅಂತ ಅವರನ್ನೇ ಕೇಳಿ.