ಬೆನ್ನುಹುರಿಗೆ ಪೆಟ್ಟಾದಾಗ ರಕ್ತದೊತ್ತಡವನ್ನು ಔಷಧಿ ಕೊಟ್ಟು ಏಕೆ ಏರಿಸಿಡುತ್ತಾರೆ?

ನಿಮ್ಮ ತಮ್ಮ ಬೈಕಿನಿಂದ ಬಿದ್ದು ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡು ಐಸಿಯುನಲ್ಲಿದ್ದಾರೆ. ರಕ್ತದೊತ್ತಡ 110/70 ಇದ್ದರೂ ಅದು ಸಾಲದೆಂದು ವೈದ್ಯರು ಒತ್ತಡ ಏರಿಸುವ ನಾರ್‌ಅಡ್ರಿನಲಿನ್ ಔಷಧಿ ಕೊಡುತ್ತಿರುವುದೇಕೆ, ಪೆಟ್ಟು ಬಿದ್ದಿರುವುದು ನರಕ್ಕೇ ಹೊರತು ಹೃದಯಕ್ಕಲ್ಲವಲ್ಲ ಎಂದು ಕೇಳಿದ್ದೀರಿ. ನಾನು ಅರಿವಳಿಕೆ ವೈದ್ಯ. ಇಂತಹ ರೋಗಿಗಳನ್ನು ನೋಡಿಕೊಂಡವನು. ಸ್ಕ್ಯಾನ್ ನೋಡದೆ ನಿಮ್ಮ ತಮ್ಮನವರ ಸ್ಥಿತಿಯ ಬಗ್ಗೆ ಏನನ್ನೂ ಹೇಳಲಾರೆ. ಒತ್ತಡವನ್ನು ಏರಿಸುವ ಕಾರಣವನ್ನಷ್ಟೇ ವಿವರಿಸುತ್ತೇನೆ.

ಬೆನ್ನುಹುರಿಯ ಮುಂಭಾಗದ ಸುಮಾರು ಮೂರನೇ ಎರಡು ಪಾಲಿಗೆ ರಕ್ತ ಒದಗಿಸುವುದು ಒಂದೇ ಅಪಧಮನಿ. ಹಿಂಭಾಗಕ್ಕೆ ಎರಡು ಸಣ್ಣ ಅಪಧಮನಿಗಳಿವೆ. ನಡುವಿನಲ್ಲಿರುವ ಬೂದು ಭಾಗಕ್ಕೆ ಸುತ್ತಲಿನ ಬಿಳಿ ಭಾಗಕ್ಕಿಂತ ಹಲವು ಪಟ್ಟು ಹೆಚ್ಚು ರಕ್ತ ಬೇಕಾಗುವುದರಿಂದ ಅಲ್ಲಿ ಲೋಮನಾಳಗಳ ಜಾಲ ಬಹಳ ದಟ್ಟವಾಗಿರುತ್ತದೆ. ಪೆಟ್ಟು ಬಿದ್ದಾಗ ದೊಡ್ಡ ಅಪಧಮನಿ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ, ಹರಿದುಹೋಗುವುದು ಈ ನವಿರಾದ ಜಾಲ. ಬೂದು ಭಾಗದಲ್ಲಿ ನಿಮಿಷಗಳಲ್ಲೇ ಚುಕ್ಕೆ ಚುಕ್ಕೆಯಾಗಿ ಕಾಣಿಸಿಕೊಳ್ಳುವ ರಕ್ತಸ್ರಾವಗಳು ಗಂಟೆಗಳು ಕಳೆದಂತೆ ಒಂದಕ್ಕೊಂದು ಕೂಡಿಕೊಂಡು ಬಿಳಿ ಭಾಗದ ಕಡೆಗೂ ಹಬ್ಬುತ್ತವೆ. ಅಕ್ಕಪಕ್ಕದ ನಾಳಗಳು ಸೆಟೆದುಕೊಳ್ಳುತ್ತವೆ, ಕೆಲವುಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಉಳಿದವುಗಳ ಗೋಡೆಯಿಂದ ದ್ರವ ಜಿನುಗಿ ಊತ ಬರುತ್ತದೆ. ಏಟಿನಿಂದ ಪಾರಾದ ನರಕೋಶಗಳೂ ಹೀಗೆ ರಕ್ತವಿಲ್ಲದೆ ಸಾಯತೊಡಗುತ್ತವೆ. ಹಾನಿಯೆಲ್ಲ ಏಟಿನೊಂದಿಗೇ ಮುಗಿಯುವುದಿಲ್ಲ ಎಂಬುದು ಹಳೆಯ ತಿಳಿವಳಿಕೆಯೇ. 1911ರಲ್ಲಿ ಅಮೆರಿಕದ ಆಲ್ಫ್ರೆಡ್ ರೆಜಿನಾಲ್ಡ್ ಆಲೆನ್ ನಾಯಿಗಳ ಬೆನ್ನುಹುರಿಯ ಮೇಲೆ ಗೊತ್ತುಪಡಿಸಿದ ಎತ್ತರದಿಂದ ತೂಕ ಬೀಳಿಸಿ, ಆಮೇಲೆ ಅದನ್ನು ನಡುವೆ ಸೀಳಿ ಒಳಗೆ ಸೇರಿದ್ದ ರಕ್ತವನ್ನು ಹೊರಬಿಟ್ಟಾಗ ಚೇತರಿಕೆ ಉತ್ತಮವಾದುದನ್ನು ಕಂಡಿದ್ದರು.

ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಸಂಗತಿ ಮುಂದಿನದು. ಕೆರೆಯಲ್ಲಿ ನೀರು ಏರಲಿ ಇಳಿಯಲಿ, ತೂಬನ್ನು ಹೆಚ್ಚುಕಡಿಮೆ ತೆರೆದು ಗದ್ದೆಗೆ ಬೇಕಾದಷ್ಟೇ ನೀರು ಬಿಡುವ ನೀರಗಂಟಿಯಂತೆ, ಆರೋಗ್ಯವಂತ ಬೆನ್ನುಹುರಿಯ ರಕ್ತನಾಳಗಳು ಒತ್ತಡ ಏರಿಳಿದರೂ ತಾವೇ ಹಿಗ್ಗಿ ಕುಗ್ಗಿ ಹರಿವನ್ನು ಒಂದೇ ಸಮನಾಗಿಡುತ್ತವೆ. ಪೆಟ್ಟಾದ ಜಾಗದಲ್ಲಿ ಈ ಶಕ್ತಿ ಕುಂದುತ್ತದೆ. ಒತ್ತಡ ಇಳಿದಷ್ಟೂ ಅಲ್ಲಿನ ರಕ್ತದ ಹರಿವೂ ಇಳಿಯುತ್ತದೆ. ಇದೇ ಹೊತ್ತಿಗೆ, ಕುತ್ತಿಗೆ ಅಥವಾ ಎದೆಯ ಮೇಲ್ಭಾಗದ ಪೆಟ್ಟಿನಲ್ಲಿ ಮೈಯ ರಕ್ತನಾಳಗಳನ್ನು ಬಿಗಿಯಾಗಿಡುವ ಸಿಂಪಥೆಟಿಕ್ ನರಗಳ ಸಂಪರ್ಕ ಕಡಿದು, ರಕ್ತದೊತ್ತಡವೂ ನಾಡಿಬಡಿತವೂ ಕುಸಿಯಬಹುದು. ಸಾಲದ್ದಕ್ಕೆ, ಊದಿಕೊಂಡ ಬೆನ್ನುಹುರಿ ಗಟ್ಟಿ ಪೊರೆಯೊಳಗೆ ಸಿಕ್ಕಿಕೊಂಡು ಒಳಗಿನ ಒತ್ತಡ ಏರುತ್ತದೆ. ರಕ್ತವನ್ನು ಒಳಕ್ಕೆ ನೂಕುವ ಬಲವೆಂದರೆ ಸರಾಸರಿ ರಕ್ತದೊತ್ತಡದಿಂದ ಈ ಒಳ ಒತ್ತಡವನ್ನು ಕಳೆದು ಉಳಿದದ್ದು: 80ರಲ್ಲಿ 25 ಕಳೆದರೆ ಉಳಿಯುವುದು 55 ಮಾತ್ರ.

ಸರಾಸರಿಯನ್ನು ಅಂದಾಜು ಮಾಡಲು ಕೆಳಗಿನ ಅಂಕಿಗೆ ಎರಡು ಅಂಕಿಗಳ ವ್ಯತ್ಯಾಸದ ಮೂರನೇ ಒಂದು ಪಾಲನ್ನು ಕೂಡಬೇಕು. ನೀವು ಬರೆದ 110/70ಕ್ಕೆ ಅದು ಸುಮಾರು 83 ಆಗುತ್ತದೆ. ಅಮೆರಿಕದ ನರಶಸ್ತ್ರಚಿಕಿತ್ಸಕರ 2013ರ ಮಾರ್ಗಸೂಚಿ ಮೊದಲ 7 ದಿನ ಇದನ್ನು 85ರಿಂದ 90ರಲ್ಲಿ ಇಡಲು ಹೇಳಿತ್ತು. ನಿಮ್ಮ ವೈದ್ಯರು ಅದನ್ನೇ ಅನುಸರಿಸುತ್ತಿದ್ದರೆ 83 ಅವರಿಗೆ ಕಡಿಮೆಯೇ. 2024ರ ಅಂತರರಾಷ್ಟ್ರೀಯ ಮಾರ್ಗಸೂಚಿ ಕೆಳಮಿತಿಯನ್ನು 75–80ಕ್ಕೆ ಇಳಿಸಿ, ಮೇಲ್ಮಿತಿಯನ್ನು 90–95 ಎಂದು, ಅವಧಿಯನ್ನು 3ರಿಂದ 7 ದಿನ ಎಂದು ಸೂಚಿಸಿದೆ. ಎರಡಕ್ಕೂ ಆಧಾರ ಅಷ್ಟೇನೂ ಗಟ್ಟಿಯಲ್ಲವೆಂದು ಅವುಗಳನ್ನು ಬರೆದವರೇ ಒಪ್ಪುತ್ತಾರೆ. ನನ್ನ ಮಟ್ಟಿಗೆ, ನಿಖರವಾದ ಅಂಕಿಗಿಂತ ಒತ್ತಡ ಸ್ವಲ್ಪ ಹೊತ್ತಿಗೂ ಕುಸಿಯದಂತೆ ನೋಡಿಕೊಳ್ಳುವುದು ಮುಖ್ಯ.

ಹಾಗೆಂದು ಒತ್ತಡ ಹೆಚ್ಚಿದಷ್ಟೂ ಒಳ್ಳೆಯದಲ್ಲ. ನಿಯಂತ್ರಣ ತಪ್ಪಿದ ನಾಳಗಳಲ್ಲಿ ಅತಿಯಾದ ಒತ್ತಡ ರಕ್ತಸ್ರಾವವನ್ನೂ ಊತವನ್ನೂ ಹೆಚ್ಚಿಸಬಹುದು. ಔಷಧಿಯಿಂದ ಹೃದಯದ ಲಯವೂ ತಪ್ಪಬಹುದು. ಮುರಿದ ಮೂಳೆ ಒತ್ತುತ್ತಿದ್ದರೆ ಔಷಧಿಯೊಂದೇ ಸಾಲದು. ಸಾಧ್ಯವಾದಾಗ 24 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಮಾಡಿ ಆ ಒತ್ತುವಿಕೆಯನ್ನು ತೆಗೆಯುವುದೂ ರಕ್ತಸಂಚಾರಕ್ಕೆ ದಾರಿ ಬಿಡಿಸುವ ಕೆಲಸವೇ. ನಾಳೆ ವೈದ್ಯರು ಸಿಕ್ಕಾಗ ಸರಾಸರಿ ಒತ್ತಡ ಎಷ್ಟಿರಬೇಕೆಂದು ಗುರಿ ಇಟ್ಟಿದ್ದಾರೆ, ಎಷ್ಟು ದಿನ ಮುಂದುವರಿಸುತ್ತಾರೆ, ಬೆನ್ನುಹುರಿಯ ಮೇಲಿನ ಒತ್ತುವಿಕೆ ಪೂರ್ತಿ ಹೋಗಿದೆಯೇ ಎಂಬ ಮೂರನ್ನು ಕೇಳಿ.